ಉಡದಾರ ತಾಳದ ಮೈ

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾಗ ನನ್ನ ಗಂಡ ಹುಬ್ಬಳ್ಳಿಯಿಂದ ಬಂದರು. ಕೈಯಲ್ಲಿ ಮಗಳ ಚರ್ಮದ ಪರೀಕ್ಷೆಯ ಕಾಗದ. ಆಗ ಅವಳಿಗೆ ಮೂರು ವರ್ಷ. ನನಗೆ ಮತ್ತೆ ಮೂರು ತಿಂಗಳಾಗಿತ್ತು.

ಹುಟ್ಟಿದಾಗಿನಿಂದ ಅವಳ ಮೈ ಸುಲಿಯುತ್ತಿತ್ತು. ತೊಟ್ಟಿಲಿಗೆ ಹಾಕಿದ ದಿನ ನನ್ನವ್ವ ಸೊಂಟಕ್ಕೆ ಉಡದಾರ ಕಟ್ಟಿದ್ದಳು. ಸಂಜೆ ಬಿಚ್ಚಿದರೆ ದಾರದ ಗುಂಟ ಚರ್ಮವೇ ಎದ್ದು ಬಂತು. ದೇವಿಯ ಸಿಟ್ಟೆಂದು ತಿಳಿದು ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತೆ, ಮಂಗಳವಾರ ಉಪವಾಸ ಹಿಡಿದೆ.

ನಾನು ಸೋದರಮಾವನನ್ನೇ ಮದುವೆಯಾದವಳು. ಗಂಡನಾದ ಮೇಲೂ ಬಾಯಿಗೆ ಬರುವುದು ಮಾವ ಎಂದೇ.

"ಏನಂದ್ರು ಮಾವ?"

"ಚರ್ಮಾನ ಮೈಗೆ ಹಿಡಿದಿಡೋದು ಕೊಲಾಜನ್ ಅಂತ ಐತಂತ. ಅದನ್ನ ಮಾಡೋ ಜೀನ್ ನನ್ನೊಳಗ ಒಂದು ಕೆಟ್ಟೈತಿ, ನಿನ್ನೊಳಗ ಒಂದು. ಒಂದ ಕೆಟ್ಟರ ಏನೂ ಆಗಂಗಿಲ್ಲ, ಅದಕ್ಕ ನಾವು ಛಲೋ ಅದೀವಿ. ಕೂಸಿಗೆ ಎರಡೂ ಬಂದಾವ."

"ಇಬ್ಬರಿಗೂ ಅದ ಹೆಂಗ ಬಂತು?"

"ಒಂದ ಮನಿಯಿಂದ. ನಿಮ್ಮವ್ವ ನನ್ನ ಸ್ವಂತ ಅಕ್ಕ ಅಲ್ಲೇನು?"

ಒಳಗಿದ್ದ ಅವ್ವ ಹೊರಬಂದಳು. "ಹೊರಗಿನವರಿಗೆ ಕೊಟ್ಟರ ಅತ್ತಿ ಕಾಟ ಅಂತ ತಮ್ಮಗ ಕೊಟ್ಟೆ. ನಮ್ಮ ರೀತಿ ಆ ಡಾಕ್ಟರಗೇನು ಗೊತ್ತು?"

"ಅತ್ತಿ ಕಾಟ ತಪ್ಪೇತಿ ಬಿಡಕ್ಕ, ನಿಂದೊಂದ ಉಳಿದೈತಿ," ಎಂದರು ಮಾವ. ಅವರು ಯಾವಾಗಲೂ ಅವಳಿಗೆ ಆಡುತ್ತಿದ್ದ ಚೇಷ್ಟೆಯ ಮಾತದು. ಆ ದಿನ ಯಾರೂ ನಗಲಿಲ್ಲ, ಆಡಿದವರೂ.

ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದೆ, "ಇದಕ್ಕ?"

"ನಾಕರಾಗ ಒಂದಕ್ಕ ಬರೂ ಸಂಭವ ಐತಂತ. ಮೊದಲನೇದಕ್ಕ ಬಂದೈತಿ, ಇನ್ನ ಮೂರು ಪಾರು ಅನ್ನಂಗಿಲ್ಲ. ಪ್ರತಿ ಬಸುರಿಗೂ ಹೊಸಾ ಲೆಕ್ಕ. ಹುಟ್ಟೋಕಿಂತ ಮೊದಲ ನೋಡೋ ಪರೀಕ್ಷೆ ಅಲ್ಲಿಲ್ಲಂತ."

"ಔಷಧ?"

"ಇಲ್ಲ. ಗಾಯ ಒಣಗಿಸೋದಷ್ಟ."

ಶಾಪ ದೇವಿಯದಲ್ಲ ಎಂದು ತಿಳಿದದ್ದು ಒಂದು ಕೃಪೆ ಎಂದುಕೊಂಡೆ. ಕೆಲವರಿಗೆ ಈ ರೋಗ ಕಣ್ಣಿಗೂ ತಾಗುತ್ತದಂತೆ; ಮಗಳ ಕಣ್ಣಿಗೆ ಇನ್ನೂ ಏನೂ ಆಗಿಲ್ಲ, ಅದು ಎರಡನೆಯ ಕೃಪೆ. ಮೂರನೆಯದನ್ನು ಹುಡುಕಿದೆ, ಸಿಗಲಿಲ್ಲ. ದೇವಿಯ ಸಿಟ್ಟಾಗಿದ್ದರೆ ಕಾಲು ಹಿಡಿದು ಕೇಳಿಕೊಳ್ಳಬಹುದಿತ್ತು. ನನ್ನ ರಕ್ತದಲ್ಲೇ ಇರುವುದನ್ನು ಯಾವ ಗುಡಿಗೆ ಒಯ್ಯಲಿ? ಇನ್ನಾರು ತಿಂಗಳು ಕಾಯುವುದು, ಹುಟ್ಟಿದ ಕೂಸಿನ ಮೈ ಮುಟ್ಟಿ ನೋಡುವುದು. ಅಷ್ಟೇ ಉಳಿದಿತ್ತು.

ಒಳಗಿಂದ ಮಗಳು ಹಸಿವೆಂದು ಅತ್ತಳು. ಅವಳ ಬಾಯಲ್ಲೂ ಗುಳ್ಳೆಗಳಿದ್ದವು. ರೊಟ್ಟಿಯ ಅಂಚು ತಾಗಿದರೆ ರಕ್ತ ಬರುತ್ತಿತ್ತು. ಎದ್ದು ಅಡಿಗೆಮನೆಗೆ ಹೋಗಿ, ಅನ್ನಕ್ಕೆ ಆರಿದ ಹಾಲು ಹಾಕಿ ನುಣ್ಣಗೆ ಕಿವುಚತೊಡಗಿದೆ.