ಮಣ್ಣು ಬೇಡದ ತೋಟದಲ್ಲಿ ಅತ್ತೆಯ ತಂಬಿಗೆ

ಭಾನುವಾರ ಬೆಳಿಗ್ಗೆ ಸರಿಯಾಗಿ ಏಳೂವರೆ. ಇದು ಅಂದಾಜಿನ ಮಾತಲ್ಲ, ಆ ಏಳೂವರೆಯನ್ನು ಗೊತ್ತುಮಾಡಿದವಳೇ ನಾನು. ಮಾಳಿಗೆಯ ಮೇಲಿನ ನನ್ನ ತೋಟಕ್ಕೆ ನೀರು ಹಾಯಿಸುವ ಪಂಪಿಗೆ ಒಂದು ಟೈಮರ್ ಕೂಡಿಸಿದ್ದೆ. ರಾತ್ರಿಯೆಲ್ಲ ಸುಮ್ಮನೆ ಮಲಗುವ ಪಂಪು ಏಳೂವರೆಗೆ ‘ಟಿಕ್’ ಎಂದು ಎದ್ದು ಕೆಲಸಕ್ಕೆ ಹತ್ತಬೇಕು. ಶಿಸ್ತಿನಲ್ಲಿ ಅದು ನನಗಿಂತ ಮೇಲು. ಆ ಭಾನುವಾರ ಒಂದು ದಿನವಾದರೂ ಸೋಮಾರಿತನ ಮಾಡಿದ್ದರೆ ಅದಕ್ಕೆ ಎಷ್ಟು ಪುಣ್ಯ ಬರುತ್ತಿತ್ತೋ! ಮಾಡಲಿಲ್ಲ. ‘ಟಿಕ್’ ಎಂದಾಗ ನಮ್ಮ ಅತ್ತೆಯ ಬಲಗೈ, ತಾಮ್ರದ ತಂಬಿಗೆಯ ಸಮೇತ, ಮೊಣಕೈವರೆಗೂ ಆ ನೀರಿನಲ್ಲಿತ್ತು.

ಅತ್ತೆ ಬದುಕಿದ್ದಾರೆ ಎಂದು ಮೊದಲೇ ಹೇಳಿಬಿಡುತ್ತೇನೆ. ಉಸಿರು ಬಿಗಿಹಿಡಿದು ಕಾಯುವ ಕಷ್ಟ ಎಂಥದೆಂದು ನನಗೆ ಗೊತ್ತಾಗಿದೆ, ನಿಮಗೆ ಬೇಡ. ನಾನು ಇದನ್ನು ಬರೆಯುತ್ತಿರುವಾಗ ಅವರು ಕೆಳಗೆ ರೊಟ್ಟಿ ಬಡಿಯುತ್ತಿದ್ದಾರೆ. ಆ ಸಪ್ಪಳ ನಿಂತಾಗಲೆಲ್ಲ ನನ್ನ ಪೆನ್ನೂ ನಿಲ್ಲುತ್ತದೆ.

ಎಲ್ಲ ಶುರುವಾದದ್ದು ಪಣಜಿಯ ಹೋಟೆಲೊಂದರ ತಣ್ಣನೆಯ ಹಾಲ್‌ನಲ್ಲಿ. ಅಲ್ಲಿ ಎರಡು ದಿನ ಹೈಡ್ರೋಪೋನಿಕ್ಸ್ ತರಬೇತಿ, ಎಂದರೆ ಮಣ್ಣಿಲ್ಲದೆ ಬರೀ ನೀರಿನಲ್ಲಿ ಸೊಪ್ಪು ಬೆಳೆಯುವ ವಿದ್ಯೆ. ಕಲಿಸಲು ಬಂದವರು ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟಿದ್ದರು. ಉಗುರಿನಲ್ಲಿ ಒಂದು ಕಣ ಕೊಳೆಯಿಲ್ಲ. ತೋಟ ಮಾಡುವವನ ಉಗುರು ಇಷ್ಟು ಸ್ವಚ್ಛವಾಗಿರಬಹುದಾದರೆ ನನಗೂ ಈ ತೋಟ ಆದೀತು ಎಂದು ನಾನು ಸೋತದ್ದು ಅಲ್ಲಿಯೇ. “ಮಣ್ಣಿಲ್ಲ, ಕಳೆಯಿಲ್ಲ, ಹುಳವಿಲ್ಲ, ಬೆನ್ನುನೋವಿಲ್ಲ” ಎಂದು ಅವರು ಹಿಂದಿಯಲ್ಲಿ ಹೇಳುತ್ತ ಒಂದೊಂದು ‘ಇಲ್ಲ’ಕ್ಕೆ ಒಂದೊಂದು ಬೆರಳು ಮಡಚಿದರು. ಹೆಬ್ಬೆರಳು ಮಾತ್ರ ಹಾಗೇ ನಿಂತಿತ್ತು. ಇನ್ನೇನು ಇಲ್ಲ ಎಂದು ಯಾರೂ ಕೇಳಲಿಲ್ಲ. ಸೊಪ್ಪನ್ನು ಯಾವ ಹೋಟೆಲು ಕೊಳ್ಳುತ್ತದೆ ಎಂದು ಒಬ್ಬರು ಕೇಳಿದರು, ಸ್ಟ್ರಾಬೆರಿ ಬರುತ್ತದೆಯೇ ಎಂದು ಇನ್ನೊಬ್ಬರು. ನಾನು ಮೆಂತ್ಯದ ಬಗ್ಗೆ ಕೇಳಿದೆ. ಮಧ್ಯಾಹ್ನದ ಊಟ ಚೆನ್ನಾಗಿತ್ತು. ಎರಡನೆಯ ದಿನ ಸಂಜೆಗೆ ಸರ್ಟಿಫಿಕೇಟ್ ಕೊಟ್ಟರು. ಅದನ್ನು ಲ್ಯಾಮಿನೇಟ್ ಮಾಡಿಸಿ ದೇವರ ಫೋಟೋದ ಪಕ್ಕಕ್ಕೇ ತೂಗುಹಾಕಿದೆ.

ನಮ್ಮ ಮನೆ ಪಣಜಿಯ ಆಚೆಯ ಬಂದರಿನ ಊರಿನಲ್ಲಿ, ಸಡಾ ಎನ್ನುವ ಗುಡ್ಡದ ಮೇಲಿದೆ. ಮಾಳಿಗೆಯಿಂದ ನೋಡಿದರೆ ಬಂದರಿನ ಕ್ರೇನುಗಳು ಕೊಕ್ಕರೆಗಳ ಹಾಗೆ ಕತ್ತು ಚಾಚಿ ನಿಂತಿರುತ್ತವೆ. ನಮ್ಮನೆಯವರ ಕೆಲಸ ಅಲ್ಲೇ. ವಿಜಯಪುರದ ಕಡೆಯಿಂದ ಬಂದ ಮಾವನವರು ದುಡಿದದ್ದೂ ಅಲ್ಲೇ. ನಾನು ಬಿ.ಎಸ್ಸಿ. ಮುಗಿಸಿ ವೆರ್ಣಾದ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನೀರು ಪರೀಕ್ಷೆ ಮಾಡುತ್ತೇನೆ. ಹಾಗಾಗಿ ನೀರಿನ ತೋಟ ನನಗೇ ಹೇಳಿಮಾಡಿಸಿದ್ದು ಎನಿಸಿತ್ತು. ಬಿಳಿ ಪೈಪುಗಳು ಬಂದವು, ನೀಲಿ ಡ್ರಮ್ ಬಂತು, ಕಬ್ಬಿಣದ ಸ್ಟ್ಯಾಂಡ್ ಬಂತು. ಮಾಳಿಗೆಗೆ ಹತ್ತುವ ಜಿನ್ನೆಯ ಮೆಟ್ಟಿಲುಗಳ ತುದಿಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರು ಹಾವಿನಂತೆ ಹೊರಬಂದು ಮಾಳಿಗೆಯ ಮೇಲೆ ಹರಿಯಿತು.

ಇದನ್ನೆಲ್ಲ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಎಳ್ಳು, ಜೋಳ, ಕಡಲೆ ಬೆಳೆದು ಬಂದ ಜೀವ.

“ಮಣ್ಣಿಲ್ದ ಬೆಳೀತೈತೇನ?”

“ಹೌದ್ರಿ ಅತ್ತಿ. ನೀರಾಗ ಗೊಬ್ಬರದ ಉಪ್ಪು ಕರಗಿಸಿ ಬಿಡೋದು. ಬೇರು ಅದನ್ನ ಕುಡೀತಾವ.”

“ತವರುಮನಿ ಇಲ್ದ ಹೆಣ್ಣಿನಂಗಾತು ಬಿಡು. ಸಿಟ್ಟು ಬಂದ್ರ ಹೋಗಿ ಕುಂದ್ರಾಕ ಜಾಗಾ ಇಲ್ಲ.”

ಆದರೆ ಬೆಳೆಯಿತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಬೆಳೆಯಿತು. ಲೆಟ್ಯೂಸ್ ಎನ್ನುವ ಆ ಸೊಪ್ಪು ಹಸಿರು ಗುಲಾಬಿಯ ಹಾಗೆ ಅರಳಿತು. ಅತ್ತೆ ಒಂದು ಎಲೆ ಬಾಯಿಗಿಟ್ಟು, “ಎಮ್ಮಿ ಇದ್ದಿದ್ರ ಭಾಳ ಖುಷಿ ಪಡ್ತಿತ್ತು” ಎಂದರು. ಆಮೇಲೆ ಶೇಂಗಾ ಚಟ್ನಿ ಹಚ್ಚಿಕೊಂಡು ನಾಲ್ಕು ಎಲೆ ತಿಂದರು. ತರಬೇತಿಯಲ್ಲಿ ನಮಗೊಂದು ಪುಟ್ಟ ಮೀಟರ್ ಕೊಟ್ಟಿದ್ದರು. ನೀರಿಗೆ ಅದ್ದಿದರೆ ಗೊಬ್ಬರ ಎಷ್ಟಿದೆ ಎಂದು ತೋರಿಸುತ್ತದೆ. ಅದು ಹೇಗೆ ತೋರಿಸುತ್ತದೆ ಗೊತ್ತೇ? ಆ ನೀರಿನಲ್ಲಿ ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು. ಉಪ್ಪು ಹೆಚ್ಚಿದಷ್ಟೂ ಹರಿವು ಹೆಚ್ಚು. ಇಂಥದೇ ಮೀಟರನ್ನು ನಾನು ಕಾರ್ಖಾನೆಯಲ್ಲಿ ದಿನವೂ ಅದ್ದುತ್ತೇನೆ. ಮನೆಗೆ ಬಂದು ಇಲ್ಲಿಯೂ ಅದ್ದಿ, ಅಂಕಿ ಏರಿದ್ದು ಕಂಡು ಹಿಗ್ಗುತ್ತಿದ್ದೆ. ಕರೆಂಟು ಹರಿಯಲು ಒಳ್ಳೆಯ ದಾರಿಯನ್ನು ನನ್ನ ಕೈಯಾರೆ ಹದ ಮಾಡುತ್ತಿದ್ದೇನೆ ಎಂದು ಒಂದು ದಿನವೂ ಹೊಳೆಯಲಿಲ್ಲ. ಓದಿದ್ದು ಪರೀಕ್ಷೆಗೆ ಬರುತ್ತದೆ, ಮಾಳಿಗೆಗೆ ಹತ್ತಿಬರುವುದಿಲ್ಲ.

ಹೊಸ ಬಾವಿಯೋ ಬೋರೋ ಆಗಿ ಮನೆಗೆ ನೀರು ಬಂದರೆ ಗಂಗವ್ವನ ಪೂಜೆ ಮಾಡದೆ ಅದನ್ನು ಬಳಸಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಐದು ಕಲ್ಲು ತೊಳೆದು ಇಟ್ಟು, ವಿಭೂತಿ, ಅರಿಸಿನ, ಕುಂಕುಮ ಏರಿಸಿ, ಉಡಿ ತುಂಬಿ, ಆ ನೀರನ್ನೇ ತಂಬಿಗೆಯಲ್ಲಿ ಮೊಗೆದು ಅದಕ್ಕೆ ಕೈಮುಗಿಯಬೇಕು. ಪೈಪು, ಡ್ರಮ್ಮು, ಮೀಟರು ಎಲ್ಲ ನೋಡಿದ ಅತ್ತೆಗೆ ಒಟ್ಟಿನಲ್ಲಿ ತಿಳಿದದ್ದು ಇಷ್ಟು: ಮಾಳಿಗೆಯ ಮೇಲೆ ಹೊಸ ನೀರು ಬಂದಿದೆ, ಸೊಸೆ ಪೂಜೆ ಮಾಡಿಲ್ಲ, ಆಗಲೇ ಬೆಳೆ ತಿಂದಾಗಿದೆ. ತಪ್ಪಾಯಿತಲ್ಲ ಎಂದು ಆ ಭಾನುವಾರ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ, ಬರಿಗಾಲಲ್ಲಿ ಮಾಳಿಗೆ ಹತ್ತಿದರು. ಉಡಿ ತುಂಬಲು ಪಕ್ಕದ ಮನೆಯ ರೇಣವ್ವನಿಗೂ ಹೇಳಿಕಳಿಸಿದ್ದರು. ನಾನು ಮೇಲೆ ಹೋಗುವಷ್ಟರಲ್ಲಿ ಐದೂ ಕಲ್ಲುಗಳು ಕುಂಕುಮ ಇಟ್ಟುಕೊಂಡು ಡ್ರಮ್ಮಿನ ಬುಡದಲ್ಲಿ ಸಾಲಾಗಿ ಕುಳಿತಿದ್ದವು. ನನಗೆ ನಗು ಬಂತು. ಪೋಷಕಾಂಶದ ದ್ರಾವಣಕ್ಕೆ ಗಂಗವ್ವನ ಪಟ್ಟ! ಫೋಟೋ ತೆಗೆಯೋಣವೆಂದು ಮೊಬೈಲು ಎತ್ತಿದೆ.

ಪಂಪು ಆಗ ಸುಮ್ಮನಿತ್ತು. ಡ್ರಮ್ಮಿನೊಳಗಿನ ನೀರು ಕನ್ನಡಿಯಂತೆ ನಿಂತಿತ್ತು. ಅತ್ತೆ ಎಡಗೈಯಿಂದ ಕಬ್ಬಿಣದ ಸ್ಟ್ಯಾಂಡ್ ಹಿಡಿದು, ಬಾಗಿ, ಬಲಗೈಯಲ್ಲಿದ್ದ ತಂಬಿಗೆಯನ್ನು ಮುಳುಗಿಸಿದರು. ಟಿಕ್.

ಅವರು ಕೂಗಲಿಲ್ಲ. ನನಗೆ ಈಗಲೂ ಅರಗದಿರುವುದು ಅದು. ಕೂಗಿದ್ದರೆ ತಿಳಿಯುತ್ತಿತ್ತು. ಮೈ ಒಮ್ಮೆ ಬಿಲ್ಲಿನಂತೆ ಸೆಟೆಯಿತು, ಹಲ್ಲು ಕಚ್ಚಿದವು, ಕಣ್ಣು ಮಾತ್ರ ನನ್ನ ಮೇಲೆ ನೆಟ್ಟವು. ತಂಬಿಗೆಯ ಕತ್ತು ಹಿಡಿದ ಬೆರಳುಗಳು ಬಿಡಲೊಲ್ಲವು. ತಂಬಿಗೆ ಡ್ರಮ್ಮಿನ ಗೋಡೆಗೆ ಬಡಿದು ಟಕಟಕ ಎನ್ನುತ್ತಿತ್ತು. ಅಷ್ಟೇ ಸದ್ದು. ನಾನು, ವಿಜ್ಞಾನದ ಪದವೀಧರೆ, ಏನು ಮಾಡಿದೆ? ಅವರನ್ನು ಹಿಡಿದೆಳೆಯಲು ಎರಡೂ ಕೈ ಚಾಚಿ ಓಡಿದೆ. ಮುಟ್ಟಬಾರದು ಎಂದು ಶಾಲೆಯ ಮಗುವಿಗೂ ಗೊತ್ತು. ನನ್ನ ಕೈಗೂ ಅವರ ಭುಜಕ್ಕೂ ನಡುವೆ ಒಂದು ಗೇಣು ಉಳಿದಿತ್ತು.

ಆ ಒಂದು ಗೇಣನ್ನು ನಾನು ಅದೆಷ್ಟು ಸಲ ಮತ್ತೆ ನೋಡಿದ್ದೇನೋ. ಬಸ್ಸಿನಲ್ಲಿ ನೋಡುತ್ತೇನೆ, ಪಾತ್ರೆ ತೊಳೆಯುವಾಗ ನೋಡುತ್ತೇನೆ, ಪ್ರಯೋಗಾಲಯದಲ್ಲಿ ಮೀಟರ್ ಎತ್ತಿದಾಗ ನೋಡುತ್ತೇನೆ. ಕೆಲವೊಮ್ಮೆ ಮನಸ್ಸಿನಲ್ಲಿ ಆ ಗೇಣು ಮುಗಿದುಹೋಗುತ್ತದೆ, ನನ್ನ ಕೈ ಅವರಿಗೆ ತಾಗುತ್ತದೆ. ಆಗ ಇದ್ದಲ್ಲೇ ಮೈ ಝುಮ್ಮೆನ್ನುತ್ತದೆ.

ನಿಜದಲ್ಲಿ ಆದದ್ದು ಬೇರೆ. ಪೂಜೆಯ ನೀರು ಚೆಲ್ಲಿದ್ದ ನೆಲದಲ್ಲಿ ನಾನು ಜಾರಿದೆ. ದೊಪ್ಪೆಂದು ಬಿದ್ದೆ. ಬೀಳುವಾಗ ಕಾಲಿಗೆ ವೈರು ತೊಡರಿ, ಕಿಟಕಿಯೊಳಗಿನ ಪ್ಲಗ್ಗು ಕಿತ್ತು ಬಂತು. ಅತ್ತೆ ಒಗೆದ ಬಟ್ಟೆಯಂತೆ ಕುಸಿದು ನನ್ನ ಮೇಲೆಯೇ ಬಿದ್ದರು. ಅದೇ ಹೊತ್ತಿಗೆ ಜಿನ್ನೆ ಹತ್ತಿ ಬಂದ ರೇಣವ್ವ ಕಂಡದ್ದು ಮೂರು: ಸುಟ್ಟ ಬೆರಳು, ಕಿತ್ತ ಪ್ಲಗ್ಗು, ಅತ್ತೆಯನ್ನು ತೊಡೆಯ ಮೇಲೆ ಇಟ್ಟುಕೊಂಡ ಸೊಸೆ.

ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆ ಮಾಡಿ ಒಂದು ದಿನ ಇಟ್ಟುಕೊಂಡರು. ಅತ್ತೆಗೆ ಪ್ರಜ್ಞೆ ಬಂದೊಡನೆ ಕೇಳಿದ್ದು, “ತಂಬಿಗಿ ಎಲ್ಲೈತಿ?” ಬಂದರಿನಿಂದ ಓಡಿಬಂದ ಮಗ “ಯವ್ವಾ” ಎಂದು ಅತ್ತರೆ, “ಹೆಣಾ ಬಿದ್ದಂಗ ಯಾಕ ಅಳಾಕತ್ತೀ, ಎದ್ದು ಕುಂತೀನಲ್ಲ” ಎಂದು ಗದರಿದರು. ಅಷ್ಟರಲ್ಲಿ ರೇಣವ್ವ ಸಡಾದ ತುಂಬ ಸುದ್ದಿ ಹಂಚಿಯಾಗಿತ್ತು. “ಏನ್ ಹುಷಾರ್ ಸೊಸಿ ಅಂತೀ! ಒಂದ ಏಟಿಗೆ ಪ್ಲಗ್ಗ ಕಿತ್ತು ಒಗದ್ಳು. ಕಲತೋರು ಅಂದ್ರ ಹಂಗಿರಬೇಕು ನೋಡ್ರಿ.” ನೀರಿನ ಸಾಲಿನಲ್ಲಿ ಹೆಂಗಸರು ನನಗೆ ಮುಂದೆ ಜಾಗ ಬಿಟ್ಟುಕೊಟ್ಟರು. ನಾನು ಕೊಡ ತುಂಬಿಕೊಂಡು ಬಂದೆ.

ತರಬೇತಿ ಕೊಟ್ಟವರಿಗೆ ಫೋನು ಮಾಡಿದೆ. ಅವರು ಗಾಬರಿಯಾದರು, ಮರುಗಿದರು, ಆಮೇಲೆ ಹೇಳಿದರು: “ಮೇಡಂ, ಕರೆಂಟಿನ ಸುರಕ್ಷತೆ ಅಡ್ವಾನ್ಸ್ಡ್ ಕೋರ್ಸಿನಲ್ಲಿ ಬರುತ್ತದೆ.” ನನಗೆ ಸಿಟ್ಟು ಬರಬೇಕಿತ್ತು, ಫೋನು ಕೆಳಗಿಟ್ಟೆ. ಸಾಯದೆ ಇರುವುದು ಮುಂದಿನ ತರಗತಿಯ ಪಾಠ! ಅವರ ಆ ಮಡಚದೆ ಉಳಿದ ಹೆಬ್ಬೆರಳು ಕಣ್ಣಮುಂದೆ ಬಂತು.

ಹಾಗಾದರೆ ತರಬೇತಿ ಹೇಳಿದ್ದೆಲ್ಲ ಸುಳ್ಳೇ? ಎಷ್ಟು ತಿರುಗಿಸಿ ನೋಡಿದರೂ ಹಾಗೆ ಹೇಳಲಾಗುವುದಿಲ್ಲ, ಹೆದರಿಕೆ ಇರುವುದೇ ಅಲ್ಲಿ. ಸೊಪ್ಪು ಬಂತು, ಕಳೆ ಬರಲಿಲ್ಲ. ಟ್ಯಾಂಕರಿಗೆ ಕಾಯುವ ನಮ್ಮ ಗುಡ್ಡದಲ್ಲಿ ನೀರು ನಿಜಕ್ಕೂ ಕಡಿಮೆಯೇ ಸಾಕಾಯಿತು. ಬೆನ್ನು ನೋಯಲಿಲ್ಲ, ಬಿದ್ದ ದಿನ ಒಂದು ಬಿಟ್ಟು. ಅವರು ಹೇಳಿದ್ದೆಲ್ಲ ಖರೆ. ಆದರೆ ಅವರು ತೋಟ ತೋರಿಸಿದ್ದು ಪರದೆಯ ಮೇಲೆ. ಆ ಚಿತ್ರಗಳಲ್ಲಿ ಪೈಪಿತ್ತು, ಎಲೆಯಿತ್ತು, ಕೈಗವಸು ತೊಟ್ಟ ಒಂದು ಕೈಯಿತ್ತು. ಬರಿಗಾಲಿನ ಅತ್ತೆ ಇರಲಿಲ್ಲ. ಮನೆ ಎಂದ ಮೇಲೆ ನೀರು ಕಂಡರೆ ಕೈ ಅದ್ದುವವರು, ದೀಪ ಹಚ್ಚುವವರು, ಉಡಿ ತುಂಬುವವರು ಇದ್ದೇ ಇರುತ್ತಾರೆ ಎಂದು ಕಲಿಸುವ ತರಬೇತಿ ಎಲ್ಲಿಯೂ ಇದ್ದಂತಿಲ್ಲ.

ಎಲೆಕ್ಟ್ರಿಷಿಯನ್ ಬಂದು ಪಂಪು ಬಿಚ್ಚಿ, ಒಳಗೆ ನೀರು ಇಳಿದಿದೆ ಎಂದ. ಅದಕ್ಕಿಂತ ದೊಡ್ಡ ವಿಷಯ, ನಮ್ಮ ಮನೆಯ ವೈರಿಂಗಿಗೆ ಅರ್ಥಿಂಗೇ ಇರಲಿಲ್ಲ. ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ದಾರಿ ಇಲ್ಲದ್ದರಿಂದ ಅದು ಅತ್ತೆಯ ಮೈಯನ್ನೇ ದಾರಿ ಮಾಡಿಕೊಂಡಿತ್ತು. ಪರಿಹಾರವೆಂದರೆ ಮನೆಯ ಪಕ್ಕದ ಕೆಂಪು ನೆಲದಲ್ಲಿ ಆಳವಾದ ಗುಂಡಿ ತೋಡಿ, ಉಪ್ಪು ಇದ್ದಿಲು ಸುರಿದು, ಅದರೊಳಗೆ ತಂತಿ ಇಳಿಸುವುದು. ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ ಒಂದು ಪೆಟ್ಟಿಗೆಯನ್ನೂ ಕೂಡಿಸುವುದು. ನಮ್ಮನೆಯವರು ಹಾರೆ ಹಿಡಿದರು. ಅತ್ತೆ, ಕೈಗೆ ಪಟ್ಟಿ ಕಟ್ಟಿಕೊಂಡು, ಕಟ್ಟೆಯ ಮೇಲೆ ಕುಳಿತು ನೋಡಿದರು.

“ಮಣ್ಣು ಬ್ಯಾಡ ಅಂದಿ. ಈಗ ನೋಡು, ತಗ್ಗು ತೋಡಿಸಾಕತ್ತೀ.”

ನಾನು ನಗಲಿಲ್ಲ. ನಮ್ಮ ಕಡೆ ಸತ್ತವರನ್ನು ಕಳಿಸಿಬರುವುದಕ್ಕೆ ‘ಮಣ್ಣಿಗೆ ಹೋಗುವುದು’ ಎನ್ನುತ್ತಾರೆ. ಆ ಗುಂಡಿಯನ್ನು ನೋಡುತ್ತ ನಿಂತ ನನಗೆ ಬೇರೆ ಏನೋ ಕಾಣುತ್ತಿತ್ತು.

ಹೊಸ ಪಂಪು ಬಂದರೂ ನಾನು ಪ್ಲಗ್ಗು ಹಾಕಲಿಲ್ಲ. ಗಿಡಗಳು ಸೊರಗಿದವು. ನಿದ್ದೆಯಂತೂ ಇಲ್ಲ. ಗಡಿಯಾರ ಟಿಕ್ ಎಂದರೆ ಎದ್ದು ಕೂರುತ್ತಿದ್ದೆ. ಅತ್ತೆ ಮಲಗಿದಲ್ಲಿಗೆ ಹೋಗಿ ಸೆರಗು ಏರಿಳಿಯುವುದನ್ನು ನೋಡಿ ಬರುತ್ತಿದ್ದೆ. ಪೂರ್ತಿ ಡ್ರಮ್ಮನ್ನೇ ಗುಜರಿಗೆ ಹಾಕೋಣ ಎಂದು ಒಂದು ಶನಿವಾರ ಹೇಳಿದೆ. ಅತ್ತೆ ಒಪ್ಪಲಿಲ್ಲ.

“ಗಂಗವ್ವನ ಪೂಜಿ ಅರ್ಧಕ್ಕ ನಿಂತೈತಿ. ಮುಗಸ್ಬೇಕು. ಆಮ್ಯಾಲೆ ಗುಜರಿಗರ ಹಾಕು, ಗಟಾರಕ್ಕರ ಹಾಕು.”

“ಬ್ಯಾಡ್ರಿ ಅತ್ತಿ. ಮತ್ತ ಆ ನೀರಿಗೆ ನಿಮ್ಮ ಕೈ ಹೋಗೋದು ನನ್ನಿಂದ ನೋಡಾಕ ಆಗೂದಿಲ್ಲ.” ಅಷ್ಟು ಹೇಳುವಾಗ ಅಳು ಬಂತು. ಅದರ ಹಿಂದೆಯೇ ಉಳಿದದ್ದೂ ಬಂತು. “ನಾ ಪ್ಲಗ್ಗ ಕಿತ್ತಿಲ್ರಿ. ರೇಣವ್ವ ಹೇಳೋದು ಸುಳ್ಳು. ಜಾರಿ ಬಿದ್ದೆ. ಕಾಲಿಗೆ ವೈರ್ ಸಿಕ್ತು, ಅಷ್ಟ.”

“ಗೊತ್ತೈತಿ.”

“ಗೊತ್ತೈತ್ರಿ?”

“ಕರೆಂಟ ಕೈ ಹಿಡಕೊಂಡಿತ್ತು, ಕಣ್ಣು ಹಿಡಕೊಂಡಿದ್ದಿಲ್ಲ. ಕೆಸರಾಗ ಎಮ್ಮಿ ಬಿದ್ದಂಗ ಬಿದ್ದಿ.” ಅತ್ತೆ ಸುಟ್ಟ ಹೆಬ್ಬೆರಳನ್ನು ತಿಕ್ಕಿಕೊಂಡರು. “ಹೆದರಿ ಓಡೋರು ಆ ಕಡಿ ಬೀಳ್ತಾರ. ನೀ ಈ ಕಡಿ ಬಿದ್ದಿ. ನನಗ ಅಷ್ಟು ಸಾಕು.”

ಮರುದಿನ ಭಾನುವಾರ ಪೂಜೆ ನಡೆಯಿತು. ನಾನು ವೈರನ್ನು ಕಿಟಕಿಯಿಂದ ಪೂರ್ತಿ ಎಳೆದು, ಸುತ್ತಿ, ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಎತ್ತಿಕೊಂಡು ನಿಂತೆ. ರೇಣವ್ವ ನಕ್ಕಳು, “ಇದೇನವ್ವ, ಹಾವಿನ ಹೆಡಿ ಹಿಡದಂಗ ನಿಂತೀದಿ!” ಅತ್ತೆ ಬಾಗಿದರು. ತಂಬಿಗೆ ಮುಳುಗಿತು. ನನ್ನ ಮುಷ್ಟಿ ಎಷ್ಟು ಬಿಗಿಯಾಯಿತೆಂದರೆ ಪಿನ್ನುಗಳ ಗುರುತು ಅಂಗೈಯಲ್ಲಿ ಮೂಡಿತು. ಬುಡುಬುಡು ಎಂದು ತಂಬಿಗೆ ತುಂಬಿ, ಮೇಲೆ ಬಂತು. ಅಷ್ಟೇ. ಗಂಗವ್ವನಿಗೆ ಕೈಮುಗಿದು ಅತ್ತೆ ನನ್ನ ಬಳಿ ಬಂದು, ಹಣೆಗೆ ಕುಂಕುಮ ಹಚ್ಚಿ, ಉಳಿದದ್ದನ್ನು ಪ್ಲಗ್ಗಿಗೂ ಹಚ್ಚಿದರು. ಪಿನ್ನಿಗಲ್ಲ, ಬೆನ್ನಿಗೆ. ಅಷ್ಟು ತರಬೇತಿ ಅವರಿಗೂ ಆಗಿತ್ತು.

ಎಲ್ಲರೂ ಕೆಳಗಿಳಿದ ಮೇಲೆ, ಜಿನ್ನೆಯ ಬಾಗಿಲಿಗೆ ಚಿಲಕ ಹಾಕಿ, ಪ್ಲಗ್ಗು ಸಿಕ್ಕಿಸಿದೆ. ಹೊತ್ತು ಗೊತ್ತುಮಾಡುವ ಟೈಮರಿನ ಹಲ್ಲುಗಳನ್ನು ಮೊದಲಿನಂತೆ ಏಳೂವರೆಗೇ ಬಿಟ್ಟೆ.

ಸೋಮವಾರ ಕಣ್ಣು ಬಿಟ್ಟಾಗ ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಕೆಳಗೆ ರೊಟ್ಟಿ ಬಡಿಯುವ ಸಪ್ಪಳ. ಮೇಲೆ ಪೈಪುಗಳಲ್ಲಿ ನೀರು ಹರಿಯುತ್ತಿತ್ತು. ಏಳೂವರೆಯ ಟಿಕ್ ಯಾವಾಗ ಬಂದು ಹೋಯಿತೋ ನನಗೆ ಕೇಳಿಸಿರಲೇ ಇಲ್ಲ. ಅತ್ತೆ ಬಾಗಿಲಲ್ಲಿ ಇಣುಕಿ ಹೇಳಿದರು, “ನಿನ್ನ ವೆರ್ಣಾ ಬಸ್ಸು ಹೋಗಿ ಭಾಳ ಹೊತ್ತಾತು. ನಾನಽ ಎಬ್ಬಸಲಿಲ್ಲ.”