ತೌಡಿಗೆ ಮಾರಿದ ತಮ್ಮ

ಮೊನ್ನೆ ಗಂಗಾವತಿಯಲ್ಲಿ ಮೊಮ್ಮಗಳ ಜೊತೆ ಆಟೋದಲ್ಲಿ ಹೋಗುತ್ತಿದ್ದೆ. ರೈಸ್ ಮಿಲ್ಲಿನ ಮುಂದೆ ಬಂದಾಗ ತೌಡಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನನಗೆ ಎದೆ ಢವಢವ ಅನ್ನತೊಡಗಿತು. ತೊಂಬತ್ತರ ಹತ್ತಿರ ಬಂದ ಮುದುಕಿಗೆ ತೌಡಿನ ವಾಸನೆಯಿಂದ ಯಾತರ ಗಾಬರಿ ಅಂತೀರಾ? ನನ್ನ ತಮ್ಮನನ್ನು ಒಂದು ಬೊಗಸೆ ತೌಡಿಗೆ ಮಾರಿದ್ದರು. ಕೊಂಡವಳು ಯಲಬುರ್ಗಾದಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ದೊಡ್ಡವ್ವ.

ನನ್ನ ಬೆನ್ನಿಗೆ ಅವ್ವನಿಗೆ ಎರಡು ಗಂಡು ಹುಟ್ಟಿ, ಎರಡೂ ವರ್ಷ ತುಂಬುವುದರೊಳಗೆ ಹೋಗಿದ್ದವು. ಮೂರನೆಯದಾದರೂ ಉಳಿಯಲಿ ಎಂದು ಹಿರಿಯರು ಹೇಳಿದಂತೆ ಕೂಸನ್ನು ಮಾರಿದರು. ಐದು ಹಡೆದು ಐದನ್ನೂ ಉಳಿಸಿಕೊಂಡ ಗಟ್ಟಿಗಿತ್ತಿ ದೊಡ್ಡವ್ವ. ಅವಳ ಮನೆಯ ಲೆಕ್ಕಕ್ಕೆ ಸೇರಿದರೆ ಕೂಸು ಬದುಕುತ್ತದೆ ಎಂಬ ನಂಬಿಕೆ. ಐದು ವರ್ಷ ತುಂಬಿ ಜಾವಳ ತೆಗೆಸುವ ತನಕ ಅವನು ಅವಳ ಮಗ. ದಿನದ ಮೊದಲ ತುತ್ತು ಅವಳ ಕೈಯಿಂದಲೇ ಆಗಬೇಕು. ಅವಳನ್ನು ಅವ್ವ ಎನ್ನಬೇಕು, ಹೆತ್ತವಳನ್ನು ಚಿಗವ್ವ. ನಮ್ಮವ್ವನ ಬಾಯಲ್ಲಿ ‘ನನ್ನ ಮಗ’ ಎಂಬ ಮಾತು ಬರಲೇಕೂಡದು. ಬಂತೋ, ಕೂಸು ದಕ್ಕುವುದಿಲ್ಲ. ಹೆಸರನ್ನೂ ತಿಪ್ಪ ಎಂದಿಟ್ಟಿದ್ದರು, ತಿಪ್ಪೆಯಲ್ಲಿ ಬಿದ್ದದ್ದನ್ನು ಯಾರು ಒಯ್ಯುತ್ತಾರೆ ಅಂತ.

ಹಣೆ ತುಂಬ ಕುಂಕುಮ, ದವಡೆಯಲ್ಲಿ ಎಲೆ-ಅಡಿಕೆ, ಇಡೀ ಓಣಿಗೆ ಕೇಳುವ ದನಿ… ದೊಡ್ಡವ್ವ ಬಂದಳೆಂದರೆ ಮನೆ ತುಂಬಿದ ಹಾಗಾಗುತ್ತಿತ್ತು. ಅಪ್ಪ ತಹಸೀಲ ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲ, ಬಡ್ತಿ ಬೇಕಾದರೆ ಉರ್ದು ಪರೀಕ್ಷೆ ಪಾಸಾಗಬೇಕು. ಅವರು ಮುಂಜಾನೆ ಗಟ್ಟಿಯಾಗಿ ಉರು ಹೊಡೆಯುವುದನ್ನು ಕೇಳಿ ಕೇಳಿ ನನಗೂ ನಾಲ್ಕು ಮಾತು ಬಂದಿದ್ದವು. ಅದಕ್ಕೇ ದೊಡ್ಡವ್ವ ನನ್ನನ್ನು “ಏ ಮುನ್ಷಿ” ಎಂದು ಕಾಡುತ್ತಿದ್ದಳು.

ಪರೀಕ್ಷೆ ಹೈದರಾಬಾದಿನಲ್ಲಿತ್ತು. ಶಹರ ನೋಡಬೇಕೆಂದು ಅವ್ವನಿಗೆ ಆಸೆ. ಆದರೆ ತಿಪ್ಯಾನನ್ನು ಬಿಟ್ಟು ಹೋಗುವಂತಿಲ್ಲ, ಒಯ್ದರೆ ಮೊದಲ ತುತ್ತು ಕೊಡುವವರಿಲ್ಲ. “ನಾನೂ ಬರ್ತೀನಿ ತಗೋ, ನನ್ನ ಮಗನ್ನ ನೀವು ಹೆಂಗ ಒಯ್ತೀರಿ?” ಎಂದು ದೊಡ್ಡವ್ವ ಗಂಟು ಕಟ್ಟಿಯೇ ಬಿಟ್ಟಳು. ಕೊಪ್ಪಳದಲ್ಲಿ ರೈಲು ಹತ್ತಿ, ಗಾಡಿ ಬದಲಿಸಿ ಹೋದೆವು. ಪರೀಕ್ಷೆಯ ದಿನ ಅಪ್ಪ ನಮ್ಮನ್ನು ‘ಬಾಗ್’ ಎನ್ನುವ ದೊಡ್ಡ ಉದ್ಯಾನದ ಬಾಗಿಲಿಗೆ ಬಿಟ್ಟು, ಸಂಜೆ ಬರುತ್ತೇನೆ ಎಂದು ಹೋದರು.

ಅಬ್ಬಾ, ಏನು ಬಾಗು ಅದು! ನಮ್ಮ ಎರೆಭೂಮಿಯ ಕಣ್ಣಿಗೆ ಅಷ್ಟೊಂದು ಹಸಿರು ನಂಬಲಾಗಲಿಲ್ಲ. ಕಾರಂಜಿ, ಪಂಜರದಲ್ಲಿ ಹುಲಿ, ಗಾಲಿಬಂಡಿಯಲ್ಲಿ ಕೂಸುಗಳು, ಬುರಖಾ ತೊಟ್ಟ ತಾಯಂದಿರು. ನೆರಳಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ದೊಡ್ಡವ್ವ ತಂಬಿಗೆ ಹಿಡಿದು ನಳದ ಕಡೆ ಹೋದಳು. ಅವ್ವ ಜನರ ನಡುವೆ ತಿಪ್ಯಾನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ತನ್ನದೇ ದೃಷ್ಟಿ ತಾಗೀತೆಂಬ ಹೆದರಿಕೆ. ದೊಡ್ಡವ್ವನ ಬೆನ್ನಿಗೆ ಹೋಗಿದ್ದಾನೆ ಎಂದುಕೊಂಡಿದ್ದಳು. ದೊಡ್ಡವ್ವ ನೀರು ತಂದಿಟ್ಟು ಕೇಳಿದಳು: “ತಿಪ್ಯಾ ಎಲ್ಲದಾನ?”

ಬುತ್ತಿ ಅಲ್ಲೇ ಬಿಟ್ಟು ಹುಡುಕುತ್ತ ಓಡಿದೆವು… ಹುಲಿಯ ಪಂಜರ, ಕಾರಂಜಿ, ಗೇಟು, ಮತ್ತೆ ಪಂಜರ. “ತಿಪ್ಯಾ” ಎಂದು ಒದರಿ ಒದರಿ ದೊಡ್ಡವ್ವನ ದನಿ ಬಿದ್ದುಹೋಯಿತು. ಕೊನೆಗೆ ಯಾರೋ ಕಾವಲುಗಾರರ ಚೌಕಿಯ ಕಡೆ ಕೈ ತೋರಿಸಿದರು.

ತಿಪ್ಯಾ ಅಲ್ಲಿ ಬೆಂಚಿನ ಮೇಲೆ ಬಿಕ್ಕುತ್ತ ಕೂತಿದ್ದ. “ಅವ್ವಾ” ಎಂದು ದೊಡ್ಡವ್ವನ ಕಡೆ ಓಡಿದವನನ್ನು ಚೌಕೀದಾರ ರಟ್ಟೆ ಹಿಡಿದು ಕೂರಿಸಿದ. “ಬಚ್ಚಾ ಕಿಸ್‌ಕಾ ಹೈ?” ಮಗು ಯಾರದು? “ನಂದು, ನಂದು” ಎಂದಳು ದೊಡ್ಡವ್ವ. ಅವನು ಅವಳ ನರೆತ ಕೂದಲು ನೋಡಿದ. ಮಗುವಿನ ಮುಖ ನೋಡಿದ. ಥೇಟ್ ಅದೇ ಮುಖದ ಅವ್ವ ಬಾಗಿಲಲ್ಲಿ ನಡುಗುತ್ತ ನಿಂತದ್ದನ್ನೂ ನೋಡಿದ. ನೀನು ತಾಯಿಯೇನು ಎಂದು ಅವ್ವನನ್ನೇ ಕೇಳಿದ. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲ್ಲ ಎಂದು ತಲೆಯಾಡಿಸಿದಳು. ಚೌಕೀದಾರನಿಗೆ ಸಂಶಯ ಬಲವಾಯಿತು. ಮಕ್ಕಳ ಕಳ್ಳರು ಬಹಳ ಆಗಿದ್ದಾರೆ, ನಿಜ ಹೇಳದಿದ್ದರೆ ಮಗುವನ್ನು ಪೊಲೀಸ್ ಕೊತವಾಲಿಗೆ ಕಳಿಸುತ್ತೇನೆ ಎಂದ.

ದೊಡ್ಡವ್ವ ಅವ್ವನ ಕಡೆ ತಿರುಗಿದಳು. ಅವಳ ರಟ್ಟೆ ಹಿಡಿದು ಅಂದಳು:

“ನಿನ್ನ ಮಗ ಅಂತ ಹೇಳಿಬಿಡವಾ.”

“ಬ್ಯಾಡ್ರಿ ಅಕ್ಕಾರ, ಕೂಸು ಹೋಗತೈತ್ರಿ.”

“ಇಲ್ಲಿಂದ ಒಯ್ದ್ರ ಎಲ್ಲಿ ಹುಡುಕಾಕಿ? ಬರೋದು ಏನಿದ್ರೂ ನನ್ನ ಮನಿಗೆ ಬರ್ಲಿ. ನನಗ ಐದು ಅದಾವು. ಹೇಳು.”

ಅವ್ವ ಹೇಳಿದಳು. “ನನ್ನ ಮಗ ಅದಾನ್ರಿ.” ನಾನು ಅದನ್ನು ಉರ್ದುವಿಗೆ ತಿರುಗಿಸಿದೆ. ಚೌಕೀದಾರ ತಿಪ್ಯಾನನ್ನು ಎತ್ತಿ ಅವ್ವನ ಕೈಗೆ ಕೊಟ್ಟ. ಅವನು ಅವಳ ತೋಳಿನಿಂದಲೇ ದೊಡ್ಡವ್ವನ ಕಡೆ ಕೈ ಚಾಚಿ ಅತ್ತ. ಊರು ಸೇರುವ ತನಕ ಅವ್ವ ಅವನ ಹಣೆ ಮುಟ್ಟಿ ಮುಟ್ಟಿ ಜ್ವರ ನೋಡುತ್ತಿದ್ದಳು.

ತಿಪ್ಯಾನಿಗೆ ಏನೂ ಆಗಲಿಲ್ಲ. ಆ ಮಳೆಗಾಲ ಊರಿಗೆ ವಾಂತಿಭೇದಿ ಬಂತು. ದೊಡ್ಡವ್ವನ ಕೊನೆಯ ಮಗ, ಹದಿನಾರರ ಹುಡುಗ, ಒಂದೇ ದಿನದಲ್ಲಿ ಹೋದ. ಊರಲ್ಲಿ ಇನ್ನೂ ಎಷ್ಟೋ ಜನ ಸತ್ತರು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಇವತ್ತು ಯಾರಿಗಾದರೂ ವಾದಿಸಿ ಹೇಳಬಲ್ಲೆ. ಆದರೆ ಆಗ, ತಿಪ್ಯಾನ ಮೇಲೆ ಬರಬೇಕಾದದ್ದು ಅವಳ ಮನೆಗೆ ಹೋಯಿತೆಂದೇ ನಮ್ಮ ಮನೆಯಲ್ಲಿ ನಂಬಿದ್ದೆವು.

ಮಗನ ದಿನಕರ್ಮ ಮುಗಿದ ಮರುದಿನ ಬೆಳಿಗ್ಗೆ ದೊಡ್ಡವ್ವ ಸಣ್ಣ ತಾಟಿನಲ್ಲಿ ಅನ್ನ ಕಲಸಿಕೊಂಡು ನಮ್ಮ ಬಾಗಿಲಿಗೆ ಬಂದಳು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. “ಮುನ್ಷಿ, ತಿಪ್ಯಾನ್ನ ಕರಿ. ಇಷ್ಟು ದಿನ ಯಾರ ಕೈಲೆ ಉಂಡಾನೋ ಏನೋ.” ಸಾವಾದ ಮನೆಯ ಕೈತುತ್ತು ಎಂದು ಅವ್ವ ಬೆಚ್ಚಿಬಿದ್ದಳು. ತಿಪ್ಯಾನನ್ನು ಒಳಗೆ ಎಳೆದುಕೊಂಡು ನನಗೆ ಕಣ್ಸನ್ನೆ ಮಾಡಿದಳು. ನಾನು ಹೊಸ್ತಿಲಲ್ಲಿ ನಿಂತು, “ಅಂವ ಅಜ್ಜನ ಊರಿಗೆ ಹೋಗ್ಯಾನ ದೊಡ್ಡವ್ವ” ಎಂದೆ. ಅಷ್ಟರಲ್ಲಿ ಅವಳ ದನಿ ಗುರುತಿಸಿ ಒಳಗಿನಿಂದ ತಿಪ್ಯಾ “ಅವ್ವಾ” ಎಂದ. ಮತ್ತೆ ಕರೆಯುವುದರೊಳಗೆ ಅವ್ವ ಅವನ ಬಾಯಿ ಮುಚ್ಚಿದ್ದು ನನಗೂ ತಿಳಿಯಿತು, ದೊಡ್ಡವ್ವನಿಗೂ ತಿಳಿಯಿತು.

“ಹೌದನವಾ? ಛಲೋ ಆತು ಬಿಡು, ಅಲ್ಲೇ ಇರ್ಲಿ” ಎಂದು ದೊಡ್ಡವ್ವ ತಾಟಿಗೆ ಸೆರಗು ಮುಚ್ಚಿಕೊಂಡು ಹೋದಳು. ಮತ್ತೆಂದೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಜಾವಳಕ್ಕೂ ಬರಲಿಲ್ಲ, ಅವ್ವ ಕರೆಯಲೂ ಇಲ್ಲ. ಅಪ್ಪನಿಗೆ ಕುಷ್ಟಗಿಗೆ ವರ್ಗವಾಯಿತು. ದೊಡ್ಡವ್ವ ತೀರಿಹೋದ ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ವರ್ಷ ಕಳೆದಿತ್ತು…

ತಮ್ಮ ಈಗ ಕೊಪ್ಪಳದಲ್ಲಿದ್ದಾನೆ, ಮೊಮ್ಮಕ್ಕಳನ್ನು ಕಂಡವನು. ಅವನಿಗೆ ದೊಡ್ಡವ್ವನ ಮುಖವೂ ನೆನಪಿಲ್ಲ. ಮೊನ್ನೆ ಮನೆ ಮುಟ್ಟಿದೊಡನೆ ಅವನಿಗೆ ಫೋನ್ ಮಾಡಿದೆ, ಎಲ್ಲ ಹೇಳಿಬಿಡಬೇಕೆಂದು. “ಏನಕ್ಕಾ, ಯಾಕ ದನಿ ಹಿಂಗೈತಿ?” ಎಂದ. “ಏನಿಲ್ಲೋ, ಊಟ ಆತೇನು?” ಎಂದು ಕೇಳಿ ಇಟ್ಟೆ. ದೊಡ್ಡವ್ವ ಇಲ್ಲ, ಅವ್ವ ಇಲ್ಲ. ಸುಳ್ಳು ಹೇಳಿದವಳು ಮಾತ್ರ ಉಳಿದಿದ್ದೇನೆ.