ಜೀವ ಇಲ್ಲ ಎಂದು ಹಾಕಿದ ಸಹಿ

ಮೂರ್ತಿ ಕಣ್ಣು ಬಿಟ್ಟಿತು, ಬೇವಿನ ಮರದಿಂದ ಹಾಲು ಸುರಿಯಿತು ಎಂಬಂಥ ಸುದ್ದಿ ನಮ್ಮ ಪತ್ರಿಕೆಗೆ ಬಂದರೆ ಅದನ್ನು ಬುಟ್ಟಿಗೆ ಎಸೆಯುತ್ತಿದ್ದವನು ನಾನು. ಯಾರು ನೋಡಿದರು, ಎಷ್ಟು ಹೊತ್ತಿಗೆ, ಬೇರೆ ಸಾಕ್ಷಿ ಯಾರು ಎಂದು ಕೇಳಿದರೆ ಅದು ಎರಡನೇ ಪ್ರಶ್ನೆಗೇ ಸಾಯುತ್ತದೆ. ಕೆಲವು ವರ್ಷಗಳ ಹಿಂದೆ ತೆಲುಗು ನಾಡಿನ ಗಡಿಯೂರು ನಾರಾಯಣಪೇಟೆಯಲ್ಲಿ ನನಗೇ ಆದದ್ದನ್ನು ಈಗ ಬರೆಯುತ್ತಿದ್ದೇನೆ. ಆ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಕೇಳಿಕೊಂಡಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಬರಹದಲ್ಲಿ ಅದು ಕಂಡರೆ ಕಾಣಲಿ.

ನನ್ನ ದೊಡ್ಡಪ್ಪನ ಮಗ ಮಲ್ಲೇಶಣ್ಣ ಹಳೇ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟಿದ್ದ. ಅಲ್ಲಿಯವರೆಗೆ ಸಾಮಾನನ್ನೆಲ್ಲ ಊರ ಹೊರಗಿನ ಬಾಡಿಗೆ ಗೋದಾಮಿನಲ್ಲಿ ಇಡುವುದೆಂದಾಯಿತು. ಮುಚ್ಚಿಹೋದ ಹತ್ತಿ ಮಿಲ್ಲಿನ ಕಲ್ಲುಕಟ್ಟಡವನ್ನು ಸಣ್ಣ ಸಣ್ಣ ಕೋಣೆಗಳಾಗಿ ಒಡೆದು, ಶಟರ್ ಹಾಕಿ, ತಿಂಗಳ ಬಾಡಿಗೆಗೆ ಕೊಡುತ್ತಿದ್ದರು. ಮಂಚ, ಟ್ರಂಕುಗಳ ಜೊತೆ ನಮ್ಮ ಮನೆದೇವರ ಪೆಟ್ಟಿಗೆಯೂ ಹೋಯಿತು. ಒಳಗೆ ಬೀರಪ್ಪನ ಹಿತ್ತಾಳೆಯ ಮುಖ, ಭಂಡಾರದ ಅರಿಸಿನ ತುಂಬಿದ ಚೀಲ. ಮೇಲೆ ಹೊದಿಸಿದ ಕರಿ ಕಂಬಳಿ.

ಮಲ್ಲೇಶಣ್ಣನ ತಾಯಿ, ನಮ್ಮ ದೊಡ್ಡವ್ವ, ಮದುವೆಯಾಗಿ ಬಂದಾಗಿನಿಂದ ಆ ಪೆಟ್ಟಿಗೆಗೆ ಎಡೆ ತೋರಿಸದೆ ಉಂಡವಳಲ್ಲ. ಮನೆ ಕೆಡವಿದಾಗ ಆಕೆ ಮಕ್ತಲ್‌ಗೆ, ಮಗಳ ಮನೆಗೆ ಹೋದಳು. ಮನೆದೇವರನ್ನು ಮಗಳನ್ನು ಕೊಟ್ಟ ಮನೆಗೆ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. "ನಿನ್ನ ಮನ್ಯಾಗರ ಇಟ್ಕೋ ತಮ್ಮಾ," ಎಂದು ನನ್ನನ್ನು ಕೇಳಿದಳು. ಜಾಗ ಇಲ್ಲ ಎಂದೆ. ಜಾಗ ಇತ್ತು. ಅಲ್ಲಿ ಹಳೇ ಪತ್ರಿಕೆಗಳ ಗಂಟು ಇಟ್ಟುಕೊಂಡಿದ್ದೆ.

ಗೋದಾಮಿನ ಗೋಡೆಯ ಮೇಲೆ ಏನೇನು ಇಡಬಾರದು ಎಂದು ತೆಲುಗಿನಲ್ಲಿ ಬರೆದಿತ್ತು. ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ, ಬಣ್ಣದ ಡಬ್ಬಿ, ಕಾಳುಕಡಿ, ಕೊನೆಗೆ ಜೀವ ಇರುವಂಥದ್ದು. ಅಲ್ಲಿನ ಮೇಲ್ವಿಚಾರಕ ಖಾಜಾಸಾಬ್ ಕಾಗದ ಮುಂದೆ ಚಾಚಿ, "ಜಾಂದಾರ್ ಚೀಜ್ ಏನೂ ಇಲ್ಲಲ್ರೀ?" ಎಂದು ಕೇಳಿದ.

"ಕೋಳಿ ಕುರಿ ಹೊತ್ಕೊಂಡು ಬಂದೀವೇನ್ರೀ ಸಾಬ್? ಹಳೇ ಪೆಟ್ಟಿಗಿ ಅದು," ಎಂದು ಮಲ್ಲೇಶಣ್ಣ ನಕ್ಕ.

ಜೀವ ಇರುವ ಯಾವುದೂ ಒಳಗಿಲ್ಲ ಎಂಬ ಸಾಲಿನ ಕೆಳಗೆ ಅವನು ಸಹಿ ಮಾಡಿದ. ಸಾಕ್ಷಿಯಾಗಿ ನಾನೂ ಮಾಡಿದೆ. ಶಟರಿಗೆ ಎರಡು ಬೀಗ ಬಿದ್ದವು. ಒಂದು ಮಲ್ಲೇಶಣ್ಣನದು, ಇನ್ನೊಂದು ಗೋದಾಮಿನದು.

ಮೂರು ವಾರ ದೊಡ್ಡವ್ವ ನಾರಾಯಣಪೇಟೆಯ ದಿಕ್ಕಿಗೆ ತಾಟು ಎತ್ತಿ ತೋರಿಸಿ ಉಂಡಳಂತೆ. ಆಮೇಲೆ ಉಣ್ಣುವುದನ್ನೇ ಬಿಟ್ಟಳು. ಮೂರನೆಯ ದಿನ ನನಗೆ ಫೋನ್ ಮಾಡಿದಳು. ದನಿ ಅರ್ಧ ಕೇಳುತ್ತಿರಲಿಲ್ಲ.

"ಬೀರಪ್ಪಗ ಜ್ವರ ಬಂದೈತಿ ತಮ್ಮಾ. ಮೈ ಸುಡಾಕತ್ತೈತಿ. ಬೆವತು ಕಂಬಳಿ ತೋಯ್ದೈತಿ. ಅವ ಹಂಗ ಬಿದ್ದಿರಬೇಕಾದ್ರ ನಾ ಹ್ಯಾಂಗ ಉಣ್ಣಲಿ?"

ರೂಢಿಯಂತೆ ಆ ಮಾತನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ, ಗಂಟೆ ಸಮೇತ. ಆ ಪುಟ ಈಗಲೂ ನನ್ನ ಹತ್ತಿರ ಇದೆ. ಇನ್ನೆರಡು ದಿನ ಹೀಗೇ ಇದ್ದರೆ ಜೀವಕ್ಕೆ ಭರವಸೆ ಇಲ್ಲ ಎಂದು ಮಕ್ತಲ್‌ನ ಡಾಕ್ಟರು ಹೇಳಿದ್ದಾರೆಂದು ಅವಳ ಮಗಳು ಅತ್ತಳು.

ಕೀಲಿ ಮಲ್ಲೇಶಣ್ಣನ ಜೇಬಿನಲ್ಲಿತ್ತು. ಅವನು ಗದ್ವಾಲಿನ ಅಂಗಡಿಯೊಂದರಲ್ಲಿ ಹೊಸ ಮನೆಗೆ ಬಾಗಿಲು ನೋಡುತ್ತಿದ್ದ. ಅಲ್ಲಿಗೇ ಹೋದೆ. "ಆಕಿ ನಾಟಕ ನಿನಗ ಗೊತ್ತಿಲ್ಲ. ಹಸದ್ರ ತಾನ ಉಣ್ತಾಳ," ಎಂದ. ಉಪವಾಸ ಕೂತವರ ಬಗ್ಗೆ ಅಧಿಕಾರಿಗಳು ಹೀಗೆ ಮಾತಾಡಿದ್ದನ್ನು ನಾನು ಎಷ್ಟೋ ಸಲ ವರದಿ ಮಾಡಿದ್ದೇನೆ. ಹೆತ್ತ ಮಗನ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ಕೀಲಿ ಕೊಡ್ತೀಯೋ, ಬೀಗ ಒಡೀಲೋ ಅಣ್ಣಾ?" ಎಂದೆ. ನನ್ನ ದನಿಗೆ ಅಂಗಡಿಯವರು ತಿರುಗಿ ನೋಡಿದರು. ಅಣ್ಣ ಗೊಣಗುತ್ತಲೇ ಜೊತೆಗೆ ಬಂದ.

ಮರುದಿನ ಬೆಳಿಗ್ಗೆ ಒಳ್ಳೆಯ ಚಳಿ ಇತ್ತು. ಖಾಜಾಸಾಬ್ ರಿಜಿಸ್ಟರ್ ತೆರೆದು ತೋರಿಸಿದ. ಬೀಗ ಹಾಕಿದ ದಿನದಿಂದ ಆ ಕೋಣೆಯನ್ನು ಯಾರೂ ತೆರೆದಿರಲಿಲ್ಲ. ಶಟರ್ ಎತ್ತಿದೆವು. ಮಂಚ ತಣ್ಣಗಿತ್ತು, ಟ್ರಂಕಿನ ಮೇಲೆ ಧೂಳು ಕೂತಿತ್ತು. ಕಂಬಳಿಯ ಮೇಲೆ ಕೈ ಇಟ್ಟವನು ಹಿಂದಕ್ಕೆ ತೆಗೆದೆ.

ಅದು ತೊಯ್ದಿತ್ತು. ಬೆಚ್ಚಗಿತ್ತು.

ಮತ್ತೆ ಮುಟ್ಟಿ ನೋಡಿದೆ. ಅಂಚುಗಳು ಒಣಗಿದ್ದವು. ನಡುವೆ ಒಬ್ಬ ಮನುಷ್ಯನ ಬೆನ್ನಿನಗಲ ಮಾತ್ರ ಹಸಿ. ಮೇಲಿನ ಕಲ್ಲುಚಪ್ಪಡಿಯಲ್ಲಿ ಸೋರಿದ ಗುರುತಿಲ್ಲ. ಪಕ್ಕಕ್ಕೆ ತಾಗಿಕೊಂಡಿದ್ದ ರಟ್ಟಿನ ಪೆಟ್ಟಿಗೆ ಗರಿಗರಿ ಒಣಗಿತ್ತು. ಜ್ವರ ಬಿಟ್ಟವನು ಕಳಚಿದ ಅಂಗಿಯ ವಾಸನೆ ಬರುತ್ತಿತ್ತು.

"ಇಲಿ ಉಚ್ಚಿ ಹೊಯ್ದಾವ," ಎಂದ ಮಲ್ಲೇಶಣ್ಣ.

ಖಾಜಾಸಾಬ್ ಬಗ್ಗಿ ಮೂಸಿದ. ಅವನ ಮುಖ ಕೆಂಪಾಯಿತು. "ಇಷ್ಟ ವರ್ಷ ಗೋದಾಮ್ ಕಾದೀನಿ, ಇಲಿ ಉಚ್ಚಿ ಗೊತ್ತಿಲ್ಲೇನ್ರೀ ನನಗ? ಬೆವರು ಇದು. ಜಾಂದಾರ್ ಐತೇನಂತ ಕೇಳಿದ್ನಿಲ್ರೀ? ಓದಿದವ್ರು ನೀವು, ಸಹಿ ಮಾಡೀರಿ!"

ಅವನು ಬೈದದ್ದು ಮಲ್ಲೇಶಣ್ಣನನ್ನಲ್ಲ, ನನ್ನನ್ನು.

ಪತ್ರಿಕೆಗಳ ಗಂಟನ್ನು ಅಂಗಳಕ್ಕೆ ಎಸೆದು ಪೆಟ್ಟಿಗೆಯನ್ನು ನನ್ನ ಮನೆಯಲ್ಲಿಟ್ಟೆ. ಮಧ್ಯಾಹ್ನ ದೊಡ್ಡವ್ವನನ್ನು ಮಕ್ತಲ್‌ನಿಂದ ಕಾರಿನಲ್ಲಿ ಕರೆತಂದೆವು. ಕಂಬಳಿ ಒದ್ದೆಯಾಗಿದ್ದನ್ನು ಆಕೆಗೆ ಯಾರೂ ಹೇಳಿರಲಿಲ್ಲ. ಆಕೆ ಕಂಬಳಿಯ ಕೆಳಗೆ ಅಂಗೈ ತೂರಿಸಿ, ಮಗುವಿನ ಹಣೆ ಮುಟ್ಟಿ ನೋಡುವವಳ ಹಾಗೆ ಸ್ವಲ್ಪ ಹೊತ್ತು ಕೂತಳು. "ಇಳದೈತಿ," ಎಂದಳು. ಎಡೆ ತೋರಿಸಿ, ಅರ್ಧ ರೊಟ್ಟಿ ತಿಂದಳು.

ಮಲ್ಲೇಶಣ್ಣ ಹೊಸ್ತಿಲಲ್ಲೇ ನಿಂತಿದ್ದ. "ಹೊಸಾ ಮನ್ಯಾಗ ಚಲೋ ಕಪಾಟು ಮಾಡಸ್ತೀನಿ, ಕೀಲಿ ಹಾಕಿ ಇಡೂಣು," ಎಂದ. ಹೊರಗೆ ಹೋಗು ಎಂದೆ. ಅಂದಿನಿಂದ ನಮಗೆ ಮಾತಿಲ್ಲ.

ಉಣ್ಣೆ ಚಳಿಗಾಲದ ತೇವ ಹೀರುತ್ತದೆ ಎಂದು ತಿಳಿದವರೊಬ್ಬರು ಹೇಳಿದರು. ಒಪ್ಪುತ್ತೇನೆ. ಆದರೆ ಆ ಬಿಸಿ, ಬೆನ್ನಿನಗಲದ ಆ ಗುರುತು, ಮಕ್ತಲ್‌ನಲ್ಲಿ ಮಲಗಿದ್ದವಳಿಗೆ ಅದು ಗೊತ್ತಾದದ್ದು, ಈ ಮೂರೂ ತೇವದ ಲೆಕ್ಕಕ್ಕೆ ಬರುವುದಿಲ್ಲ. ದೇವರು ಬೆವತ ಎಂದು ನಾನು ಹೇಳಲಾರೆ. ಹೇಳಿದರೆ ಬುಟ್ಟಿಗೆ ಎಸೆದ ಸುದ್ದಿಗಳನ್ನೆಲ್ಲ ಮತ್ತೆ ಹೆಕ್ಕಬೇಕಾಗುತ್ತದೆ.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ನನ್ನ ಸಹಿ ಇರುವ ಕಾಗದ ಇನ್ನೂ ಆ ಗೋದಾಮಿನ ಕಡತದಲ್ಲಿದೆ. ಎರಡು ಸಲ ಹೋಗಿ ಅದನ್ನು ಹೊರಗೆ ತೆಗೆಸಿ ನೋಡಿದ್ದೇನೆ. ಖಾಜಾಸಾಬ್ ತಾನಾಗಿ ಪೆನ್ನು ಚಾಚಿದ. ಜೀವ ಇಲ್ಲ ಎಂಬ ಆ ಸಾಲನ್ನು ಹೊಡೆದುಹಾಕಲು ಎರಡು ಸಲವೂ ಕೈ ಬರಲಿಲ್ಲ. ಹಾಗೇ ಬಿಟ್ಟು ಬರಲೂ ಆಗದೆ ಅಲ್ಲೇ ನಿಂತಿದ್ದೆ.